ದೇವರು ಕ್ಷಮಿಸಿದ್ದಾನೆ ಎಂದವಳಿಗೆ ಏನು ಹೇಳಬೇಕು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಅಮ್ಮನಿಗೂ ಓದಿ ಹೇಳಿದೆ. ಇದು ಫೋನಿನಲ್ಲಿ ಮಾತನಾಡಿ ಮುಗಿಸುವ ವಿಷಯವಲ್ಲ, ಕುಳಿತು ಬರೆಯಿರಿ ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಉದ್ದವಾದರೆ ಬೇಸರಪಟ್ಟುಕೊಳ್ಳಬೇಡ.

ನಿನ್ನ ಗೆಳತಿಯ ಬಗ್ಗೆ ನೀನು ಕೇಳಿರುವುದು ಇಷ್ಟು: "ಅವಳು ದೇವರ ಮುಂದೆ ಅತ್ತು ಕ್ಷಮೆ ಕೇಳಿಕೊಂಡಿದ್ದಾಳಂತೆ. ದೇವರೇ ಕ್ಷಮಿಸಿದ ಮೇಲೆ ನಾನು ಕ್ಷಮಿಸದೆ ಉಳಿದರೆ ಪಾಪ ನನ್ನ ತಲೆಗೆ ಬರುತ್ತದೆಯೇ ಅಪ್ಪಾ?"

ಬರುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಈ ಭಯ ಹೊತ್ತುಕೊಂಡು ನೀನು ಮುಂದಿನದನ್ನು ಓದುವುದು ನನಗೆ ಇಷ್ಟವಿಲ್ಲ. ನಿನ್ನ ಮೇಲೆ ಸುಳ್ಳು ಹೊರಿಸಿದವಳು ಅವಳು. ಆ ಸುಳ್ಳಿನಿಂದ ನಿನಗೆ ಬರಬೇಕಾಗಿದ್ದ ಜವಾಬ್ದಾರಿ ಬೇರೆಯವರ ಪಾಲಾಯಿತು. ನಿನ್ನೊಡನೆ ನಗುನಗುತ್ತಾ ಇದ್ದವರು ನೀನು ಬಂದರೆ ಮಾತು ನಿಲ್ಲಿಸತೊಡಗಿದರು. ಈಗ ಅವಳಿಗೆ ಭಕ್ತಿ ಬಂದಿದೆ. ಅದು ನಿಜವಾದ ಭಕ್ತಿಯೇ ಇರಬಹುದು, ಅದನ್ನು ಅಳೆಯಲು ನಾನು ಯಾರು? ಆದರೆ ಆ ಭಕ್ತಿಯ ಹೆಸರಿನಲ್ಲಿ ನಿನ್ನಿಂದ ಕ್ಷಮೆ ವಸೂಲಿ ಮಾಡುವ ಹಕ್ಕು ಅವಳಿಗೂ ಇಲ್ಲ, 'ದೊಡ್ಡ ಮನಸ್ಸು ಮಾಡು' ಎಂದು ನಿನಗೆ ಬುದ್ಧಿ ಹೇಳುತ್ತಿರುವ ಸ್ನೇಹಿತರಿಗೂ ಇಲ್ಲ.

ಅವಳ ಸಂದೇಶವನ್ನು ಇದ್ದಂತೆಯೇ ಬರೆದು ಕಳುಹಿಸಿದ್ದು ಒಳ್ಳೆಯದಾಯಿತು. "ತಿಳಿದೋ ತಿಳಿಯದೆಯೋ ನನ್ನಿಂದ ನಿಮ್ಮ ಮನಸ್ಸಿಗೆ ನೋವಾಗಿದ್ದರೆ ದಯವಿಟ್ಟು ಕ್ಷಮಿಸಿ." ಕೆಳಗೆ ಕೈಮುಗಿದ ಚಿತ್ರ. ನಿನಗೆ ಬಂದ ಹೊತ್ತಿಗೇ ಇನ್ನೂ ಹಲವರಿಗೆ ಅದೇ ಹೋಗಿದೆ. ಆಮೇಲೆ ನಿನಗೊಬ್ಬಳಿಗೇ ಮತ್ತೊಂದು ಸಾಲು: "ಎಲ್ಲವನ್ನೂ ದೇವರಿಗೆ ಒಪ್ಪಿಸಿದ್ದೇನೆ, ಮನಸ್ಸು ಹಗುರವಾಗಿದೆ, ನೀನೂ ಮರೆತುಬಿಡು." ಇವೆರಡನ್ನೂ ನಿಧಾನವಾಗಿ ಓದಿ ನೋಡು. ಏನು ಮಾಡಿದೆ, ಯಾರ ಮುಂದೆ ಯಾವ ಮಾತು ಆಡಿದೆ ಎಂಬುದು ಎಲ್ಲಿಯೂ ಇಲ್ಲ. ನಿನಗೆ ನೋವಾಗಿದೆಯೋ ಇಲ್ಲವೋ ಎಂಬುದೇ ಅಲ್ಲಿ ಅನುಮಾನ. ಮೇಲಾಗಿ ನೀನು ಏನು ಮಾಡಬೇಕು ಎಂಬುದನ್ನೂ ಅವಳೇ ತೀರ್ಮಾನಿಸಿಬಿಟ್ಟಿದ್ದಾಳೆ.

ಮಹಾಭಾರತದ ವನಪರ್ವದಲ್ಲಿ ದ್ರೌಪದಿಗೂ ಯುಧಿಷ್ಠಿರನಿಗೂ ಕ್ಷಮೆಯ ಬಗ್ಗೆ ದೊಡ್ಡ ವಾದವೇ ನಡೆಯುತ್ತದೆ. ಕಾಡಿನಲ್ಲಿ ಕುಳಿತಿರುವ ಗಂಡನ ಶಾಂತಿಯನ್ನು ಕಂಡು ದ್ರೌಪದಿಗೆ ತಡೆಯುವುದಿಲ್ಲ. ಪ್ರಹ್ಲಾದ ತನ್ನ ಮೊಮ್ಮಗ ಬಲಿಗೆ ಹೇಳಿದ ಮಾತನ್ನು ಅವಳು ನೆನಪಿಸುತ್ತಾಳೆ: ಸದಾ ಕಠಿಣನಾಗಿರುವುದೂ ಶ್ರೇಯಸ್ಸಲ್ಲ, ಸದಾ ಕ್ಷಮಿಸುತ್ತಿರುವುದೂ ಶ್ರೇಯಸ್ಸಲ್ಲ. ಹಿಂದೆ ಉಪಕಾರ ಮಾಡಿದವರು ತಪ್ಪಿದರೆ ಕ್ಷಮಿಸು, ತಿಳಿಯದೆ ತಪ್ಪಿದವರನ್ನು ಕ್ಷಮಿಸು, ಮೊದಲ ತಪ್ಪನ್ನು ಕ್ಷಮಿಸು. ಆದರೆ ತಿಳಿದೇ ಮಾಡಿ ತಿಳಿಯದೆ ಮಾಡಿದೆ ಎನ್ನುವವರನ್ನು ಅಪರಾಧ ಚಿಕ್ಕದಾದರೂ ಸುಮ್ಮನೆ ಬಿಡಬೇಡ. ಎರಡು ಸಾವಿರ ವರ್ಷಗಳ ಹಿಂದಿನವರಿಗೂ 'ತಿಳಿದೋ ತಿಳಿಯದೆಯೋ' ಎಂಬ ನುಣುಚುವಿಕೆ ಚೆನ್ನಾಗಿ ಗೊತ್ತಿತ್ತು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಯುಧಿಷ್ಠಿರ ಅದಕ್ಕೆ ಉತ್ತರವಾಗಿ ಕ್ಷಮೆಯನ್ನು ಬಾಯ್ತುಂಬ ಹೊಗಳುತ್ತಾನೆ, ಆ ಮಾತುಗಳು ಬಹಳ ಸುಂದರವಾಗಿವೆ. ಆದರೂ ದ್ರೌಪದಿಯ ಪ್ರಶ್ನೆ ಅಲ್ಲಿಗೆ ಮುಗಿದು ಹೋಯಿತು ಎಂದು ನನಗೆ ತೋರುವುದಿಲ್ಲ. ಯುಧಿಷ್ಠಿರನ ಮಾತನ್ನು ಮಾತ್ರ ಉದ್ಧರಿಸಿ ದ್ರೌಪದಿಯದನ್ನು ಬಿಟ್ಟುಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈಗ ನಿನ್ನ ಪ್ರಶ್ನೆಯ ಬೇರಿಗೆ ಬರೋಣ. ದೇವರ ಕ್ಷಮೆ ಮನುಷ್ಯರಿಗೆ ಮಾಡಿದ ಅನ್ಯಾಯವನ್ನು ಅಳಿಸುತ್ತದೆಯೇ? ದೇವರ ಕರುಣೆಯನ್ನು ಹಗಲಿರುಳೂ ಸಾರುವ ಧರ್ಮಗಳೇ ಇಲ್ಲಿ ಕಟ್ಟುನಿಟ್ಟಾಗಿವೆ. ಯಹೂದಿಗಳಿಗೆ ವರ್ಷದ ಅತಿ ಪವಿತ್ರ ದಿನ ಯೋಮ್ ಕಿಪ್ಪುರ್. ಅಂದು ಇಡೀ ದಿನ ಉಪವಾಸವಿದ್ದು ಪಾಪಗಳ ಕ್ಷಮೆಗಾಗಿ ಬೇಡುತ್ತಾರೆ. ಆದರೆ ಕ್ರಿಸ್ತಶಕ 200ರ ಸುಮಾರಿಗೆ ಸಂಕಲಿತವಾದ ಅವರ ಧರ್ಮನಿಯಮಗಳ ಗ್ರಂಥ ಮಿಶ್ನಾ ಸ್ಪಷ್ಟವಾಗಿ ಹೇಳುತ್ತದೆ: ಮನುಷ್ಯನಿಗೂ ದೇವರಿಗೂ ನಡುವಿನ ಪಾಪಗಳಿಗೆ ಆ ದಿನ ಪರಿಹಾರ ಕೊಡುತ್ತದೆ, ಮನುಷ್ಯನಿಗೂ ಮನುಷ್ಯನಿಗೂ ನಡುವಿನ ಪಾಪಗಳಿಗೆ, ನೊಂದವನನ್ನು ಸಮಾಧಾನಪಡಿಸುವ ತನಕ ಕೊಡುವುದಿಲ್ಲ. 'ಪಾಪ ಮಾಡುತ್ತೇನೆ, ಆಮೇಲೆ ಪಶ್ಚಾತ್ತಾಪಪಡುತ್ತೇನೆ' ಎಂದು ಲೆಕ್ಕ ಹಾಕುತ್ತಲೇ ಇರುವವನಿಗೆ ಪಶ್ಚಾತ್ತಾಪದ ಅವಕಾಶವೇ ಸಿಗುವುದಿಲ್ಲ ಎಂಬ ಮಾತೂ ಅಲ್ಲಿಯೇ ಇದೆ.

ಇಸ್ಲಾಮಿನಲ್ಲೂ ಹೀಗೆಯೇ. 13ನೇ ಶತಮಾನದ ವಿದ್ವಾಂಸ ಇಮಾಮ್ ನವವಿ ಪಶ್ಚಾತ್ತಾಪಕ್ಕೆ, ಅಂದರೆ ತೌಬಾಗೆ, ಮೂರು ಷರತ್ತುಗಳನ್ನು ಹೇಳುತ್ತಾರೆ: ಪಾಪವನ್ನು ಬಿಡಬೇಕು, ಮಾಡಿದ್ದಕ್ಕೆ ಮರುಗಬೇಕು, ಮತ್ತೆ ಎಂದೂ ಮಾಡುವುದಿಲ್ಲವೆಂದು ನಿಶ್ಚಯಿಸಬೇಕು. ಪಾಪ ಇನ್ನೊಬ್ಬ ಮನುಷ್ಯನಿಗೆ ಸಂಬಂಧಿಸಿದ್ದಾದರೆ ನಾಲ್ಕನೆಯದೂ ಸೇರುತ್ತದೆ, ಅವನ ಹಕ್ಕನ್ನು ಅವನಿಗೆ ಹಿಂದಿರುಗಿಸಬೇಕು. ಪ್ರವಾದಿ ಮುಹಮ್ಮದರು ಒಮ್ಮೆ ತಮ್ಮ ಸಂಗಡಿಗರನ್ನು "ದಿವಾಳಿಯಾದವನು ಯಾರು ಗೊತ್ತೇ?" ಎಂದು ಕೇಳಿದ ಹದೀಸ್, ಅಂದರೆ ಅವರ ನಡೆನುಡಿಯ ವರದಿ, ಒಂದಿದೆ. ಹಣ, ಸಾಮಾನು ಏನೂ ಇಲ್ಲದವನು ಎಂದು ಅವರು ಉತ್ತರಿಸುತ್ತಾರೆ. ಅಲ್ಲ ಎನ್ನುತ್ತಾರೆ ಪ್ರವಾದಿ. ತೀರ್ಪಿನ ದಿನ ನಮಾಜು, ಉಪವಾಸ, ದಾನಗಳನ್ನು ಹೊತ್ತು ತಂದಿರುವ, ಆದರೆ ಒಬ್ಬನನ್ನು ಬೈದು, ಇನ್ನೊಬ್ಬನ ಮೇಲೆ ಅಪವಾದ ಹೊರಿಸಿ, ಮತ್ತೊಬ್ಬನ ಹಣ ತಿಂದು ಬಂದವನೇ ದಿವಾಳಿ. ಅವನ ಪುಣ್ಯವೆಲ್ಲ ಅವರಿಗೆ ಹಂಚಿಹೋಗುತ್ತದೆ. ಅದೂ ಸಾಲದಿದ್ದರೆ ಅವರ ಪಾಪ ಇವನ ಮೇಲೆ ಬೀಳುತ್ತದೆ. ಆ ಪಟ್ಟಿಯಲ್ಲಿ ಅಪವಾದ ಹೊರಿಸುವುದೂ ಇದೆ ಎಂಬುದನ್ನು ಗಮನಿಸು. ಮಾತಿನಿಂದ ಕಸಿದದ್ದೂ ಕಸಿದದ್ದೇ.

ಯೇಸುವಿನ ಮಾತೂ ಬೇರೆಯಲ್ಲ. ಬಲಿಪೀಠದ ಮುಂದೆ ಕಾಣಿಕೆ ಅರ್ಪಿಸುತ್ತಿರುವಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ದೂರಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗು, ಮೊದಲು ಅವನೊಂದಿಗೆ ರಾಜಿಯಾಗು, ಆಮೇಲೆ ಬಂದು ಅರ್ಪಿಸು. ಪೂಜೆಯ ನಡುವೆಯೇ ಎದ್ದು ಹೋಗು ಎನ್ನುವ ಮಾತು ಇದು. ನಿನ್ನ ಗೆಳತಿ ಹೋದದ್ದು ಇದಕ್ಕೆ ವಿರುದ್ಧ ದಾರಿಯಲ್ಲಿ. ನಿನಗೆ ತೀರಿಸಬೇಕಾದ ಸಾಲ ತೀರಿತು ಎಂದು ದೇವರ ಬಳಿಗೆ ಹೋಗಿ ರಸೀದಿ ಬರೆಸಿಕೊಂಡು ಬಂದಿದ್ದಾಳೆ. ಹಾಗೆ ಬರೆದುಕೊಡುವ ದೇವರು ನಾನು ಓದಿದ ಯಾವ ಗ್ರಂಥದಲ್ಲೂ ನನಗೆ ಸಿಕ್ಕಿಲ್ಲ.

ಇಲ್ಲಿ ನೀನು ಇನ್ನೊಂದು ಪ್ರಶ್ನೆ ಕೇಳಬಹುದು. ಹಾಗಾದರೆ ಕರುಣೆ ಎಲ್ಲಿಗೆ ಹೋಯಿತು? ಎಲ್ಲವೂ ಲೆಕ್ಕಾಚಾರವೇ ಆದರೆ ಕ್ಷಮೆಗೆ ಏನು ಉಳಿಯಿತು? ಇದು ನಿಜವಾಗಿಯೂ ಕಷ್ಟದ ಜಾಗ, ಇಲ್ಲಿ ನಾನು ಅವಸರ ಮಾಡುವುದಿಲ್ಲ.

ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕಥೆ ನಿನಗೆ ಗೊತ್ತು. ಕಿರಿಯ ಮಗ ತನ್ನ ಪಾಲಿನ ಆಸ್ತಿಯನ್ನು ತೆಗೆದುಕೊಂಡು ದೂರ ದೇಶಕ್ಕೆ ಹೋಗಿ ಹಾಳುಮಾಡುತ್ತಾನೆ. ಹಂದಿ ಕಾಯುವ ಗತಿ ಬಂದಾಗ ಬುದ್ಧಿ ಬರುತ್ತದೆ. ತಂದೆಯ ಮುಂದೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಹೊರಡುತ್ತಾನೆ: ಅಪ್ಪಾ, ಪಾಪ ಮಾಡಿದ್ದೇನೆ, ನಿನ್ನ ಮಗನೆನ್ನಿಸಿಕೊಳ್ಳಲು ಯೋಗ್ಯನಲ್ಲ, ನಿನ್ನ ಕೂಲಿಯಾಳುಗಳಲ್ಲಿ ಒಬ್ಬನನ್ನಾಗಿ ಇಟ್ಟುಕೋ. ಅವನು ಇನ್ನೂ ದೂರದಲ್ಲಿರುವಾಗಲೇ ತಂದೆ ನೋಡುತ್ತಾನೆ, ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಮಗ ಜೋಡಿಸಿಕೊಂಡ ಮಾತನ್ನು ಆರಂಭಿಸುತ್ತಾನೆ, ಆದರೆ ಕೂಲಿಯಾಳಿನ ಮಾತು ಬರುವ ಮೊದಲೇ ತಂದೆ ಆಳುಗಳನ್ನು ಕರೆದು ಒಳ್ಳೆಯ ಬಟ್ಟೆ, ಉಂಗುರ, ಚಪ್ಪಲಿ ತರಹೇಳುತ್ತಾನೆ. ಇಲ್ಲಿ ಯಾವುದು ಮೊದಲು? ಕ್ಷಮೆಯೇ, ಪಶ್ಚಾತ್ತಾಪವೇ? ಒಬ್ಬ ತಂದೆಯಾಗಿ ಓದಿದಾಗ ನನಗೆ ಅನುಮಾನವೇ ಇಲ್ಲ, ಆ ತಂದೆ ಮಗ ಹೊರಟುಹೋದ ದಿನದಿಂದಲೇ ಕ್ಷಮಿಸಿದ್ದ. ದಾರಿ ನೋಡುತ್ತಿದ್ದವನಿಗೆ ಮಾತ್ರ ಅಷ್ಟು ದೂರದಿಂದ ಕಾಣುತ್ತದೆ. ಆದರೂ ಮಗ ಎದ್ದು ಹೊರಡದಿದ್ದರೆ ಆ ಕ್ಷಮೆಗೆ ತಬ್ಬಿಕೊಳ್ಳಲು ಯಾರೂ ಇರುತ್ತಿರಲಿಲ್ಲ.

ಈ ಕಥೆಯಲ್ಲಿ ಹೆಚ್ಚಿನವರು ಓದದೆ ಬಿಡುವ ಅರ್ಧ ಭಾಗವಿದೆ. ಅದೇ ನಿನಗೆ ಬೇಕಾದದ್ದು. ಹಿರಿಯ ಮಗ ಹೊಲದಿಂದ ಬಂದು, ಒಳಗೆ ಹಾಡು ಕುಣಿತದ ಸದ್ದು ಕೇಳಿ, ಸಿಟ್ಟಿನಿಂದ ಹೊರಗೇ ನಿಲ್ಲುತ್ತಾನೆ. ಅವನ ತಮ್ಮ ಬಂದು ಅವನಲ್ಲಿ ಕ್ಷಮೆ ಕೇಳುವುದಿಲ್ಲ. ಹಬ್ಬವಿದೆ ಎಂದು ಅವನಿಗೆ ಹೇಳಿದವನು ಒಬ್ಬ ಆಳು. ಆಗ ತಂದೆ ಔತಣ ಬಿಟ್ಟು ಅವನಿಗಾಗಿಯೂ ಹೊರಗೆ ಬರುತ್ತಾನೆ. ಬೈಯುವುದಿಲ್ಲ, ನೀನು ಪಾಪಿ ಎನ್ನುವುದಿಲ್ಲ, ಬೇಡಿಕೊಳ್ಳುತ್ತಾನೆ. "ಮಗನೇ, ನೀನು ಯಾವಾಗಲೂ ನನ್ನೊಂದಿಗಿದ್ದೀಯೆ, ನನ್ನದೆಲ್ಲ ನಿನ್ನದೇ" ಎನ್ನುತ್ತಾನೆ. ಆ ಮಾತನ್ನು ಲೆಕ್ಕದ ಕಣ್ಣಿನಿಂದಲೂ ನೋಡು: ಆಸ್ತಿ ಮೊದಲೇ ಪಾಲಾಗಿತ್ತು, ಕಿರಿಯವನು ಕಳೆದದ್ದು ಕಳೆದೇ ಹೋಯಿತು, ಉಳಿದದ್ದು ಹಿರಿಯವನದೇ. ಮಗನನ್ನು ತಬ್ಬಿಕೊಂಡ ತಂದೆ ಹಿರಿಯವನ ಪಾಲನ್ನು ಕಿತ್ತು ಅವನಿಗೆ ಕೊಡಲಿಲ್ಲ. ಹಿರಿಯವನು ಕೊನೆಗೆ ಒಳಗೆ ಹೋದನೋ ಇಲ್ಲವೋ ಕಥೆ ಹೇಳುವುದಿಲ್ಲ. ನೀನು ಈಗ ನಿಂತಿರುವುದು ಆ ಬಾಗಿಲ ಹೊರಗೆ. ಅಲ್ಲಿ ನಿಲ್ಲುವುದು ಪಾಪವಾಗಿದ್ದರೆ ತಂದೆ ಅವನ ಬಳಿಗೆ ಅಷ್ಟು ಪ್ರೀತಿಯಿಂದ ಬರುತ್ತಿರಲಿಲ್ಲ.

ಕ್ಷಮೆಯೇ ಮೊದಲು ಬಂದರೂ ಅದು ಪಶ್ಚಾತ್ತಾಪವನ್ನು ಅನಗತ್ಯ ಮಾಡುವುದಿಲ್ಲ, ಸಾಧ್ಯ ಮಾಡುತ್ತದೆ. ತೆರಿಗೆ ವಸೂಲಿಯ ಮುಖ್ಯಸ್ಥ ಜಕ್ಕಾಯನ ವಿಷಯದಲ್ಲಿ ಆದದ್ದು ಅದೇ. ಯೇಸುವನ್ನು ನೋಡಲು ಅವನು ಮರ ಹತ್ತಿದ್ದ. ಕೆಳಗಿಳಿದು ಬಾ, ಇಂದು ನಿನ್ನ ಮನೆಯಲ್ಲೇ ಉಳಿಯುತ್ತೇನೆ ಎಂದು ಯೇಸು ಮೊದಲು ಹೇಳಿದ್ದು, ಯಾವ ಷರತ್ತನ್ನೂ ಹಾಕದೆ. ಅದಾದ ಮೇಲೆ ಜಕ್ಕಾಯ ತಾನಾಗಿಯೇ ಎದ್ದು ನಿಂತು ಆಸ್ತಿಯ ಅರ್ಧ ಬಡವರಿಗೆ ಕೊಡುತ್ತೇನೆ, ಯಾರಿಂದಲಾದರೂ ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಕರುಣೆ ಮುಟ್ಟಿದ ಕೈ ತಾನಾಗಿ ತೆರೆದುಕೊಂಡಿತು. ಕರುಣೆ ಸಿಕ್ಕಿದೆ ಎನ್ನುತ್ತಲೇ ಕೈ ಬಿಗಿಯಾಗಿ ಮುಚ್ಚಿಕೊಂಡಿದ್ದರೆ? ಜರ್ಮನಿಯ ಪಾದ್ರಿ ಡೀಟ್ರಿಷ್ ಬಾನ್‌ಹಾಫರ್ 1937ರಲ್ಲಿ ಅದನ್ನು ಅಗ್ಗದ ಕೃಪೆ ಎಂದು ಕರೆದರು, ಪಶ್ಚಾತ್ತಾಪವನ್ನು ಕೇಳದೆಯೇ ಕ್ಷಮೆಯನ್ನು ಬೋಧಿಸುವುದು. ನಾಜಿ ಆಡಳಿತವನ್ನು ವಿರೋಧಿಸಿದ ಅವರನ್ನು 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಿದರು.

ಭಗವದ್ಗೀತೆಯ 9ನೇ ಅಧ್ಯಾಯದಲ್ಲಿ, ಎಷ್ಟೇ ದುರಾಚಾರಿಯಾಗಿದ್ದರೂ ಅನನ್ಯವಾಗಿ ನನ್ನನ್ನು ಭಜಿಸಿದರೆ ಅವನನ್ನು ಸಾಧುವೆಂದೇ ತಿಳಿಯಬೇಕು ಎಂದು ಕೃಷ್ಣ ಹೇಳುತ್ತಾನೆ. ನಿನ್ನ ಗೆಳತಿ ನೆಚ್ಚಿಕೊಂಡಿರುವುದು ಬಹುಶಃ ಇಂಥ ಮಾತನ್ನು. ಆದರೆ ಅದೇ ಶ್ಲೋಕ ಕಾರಣವನ್ನೂ ಹೇಳುತ್ತದೆ: ಅವನು ಸರಿಯಾದ ನಿಶ್ಚಯ ಮಾಡಿದ್ದಾನೆ. ಮುಂದಿನ ಶ್ಲೋಕದಲ್ಲಿ ಅವನು ಬೇಗನೆ ಧರ್ಮಾತ್ಮನಾಗುತ್ತಾನೆ ಎಂಬ ಮಾತಿದೆ. ಬರಿಯ ಭಜನೆಯಲ್ಲಿ ಅದು ನಿಲ್ಲುವುದಿಲ್ಲ, ನಡತೆಗೆ ಇಳಿಯುತ್ತದೆ.

ಬೌದ್ಧರ ಒಂದು ಪ್ರಸಂಗ ನನ್ನನ್ನು ಬಹಳ ಕಾಡಿದೆ. ತಂದೆ ಬಿಂಬಿಸಾರನನ್ನು ಕೊಂದು ಪಟ್ಟವೇರಿದ ಅಜಾತಶತ್ರು ಒಂದು ಬೆಳದಿಂಗಳ ರಾತ್ರಿ ಬುದ್ಧನ ಬಳಿಗೆ ಬರುತ್ತಾನೆ. ಉಪದೇಶವನ್ನೆಲ್ಲ ಕೇಳಿದ ಮೇಲೆ, ರಾಜ್ಯಕ್ಕಾಗಿ ಧರ್ಮಿಷ್ಠನಾದ ತಂದೆಯ ಪ್ರಾಣ ತೆಗೆದೆ ಎಂದು ತಪ್ಪನ್ನು ಬಿಡಿಸಿ ಹೇಳಿ ಒಪ್ಪಿಕೊಳ್ಳುತ್ತಾನೆ. ತಪ್ಪನ್ನು ತಪ್ಪೆಂದು ಕಂಡು ಒಪ್ಪಿಕೊಂಡದ್ದನ್ನು ಸ್ವೀಕರಿಸುತ್ತೇನೆ ಎನ್ನುತ್ತಾನೆ ಬುದ್ಧ. ಅವನು ಹೊರಟುಹೋದ ಮೇಲೆ ಭಿಕ್ಷುಗಳಿಗೆ, ತಂದೆಯನ್ನು ಕೊಲ್ಲದೆ ಇದ್ದಿದ್ದರೆ ಈ ರಾಜನಿಗೆ ಇಲ್ಲಿ ಕುಳಿತಲ್ಲೇ ಧರ್ಮದ ಕಣ್ಣು ತೆರೆಯುತ್ತಿತ್ತು ಎಂದು ಹೇಳುತ್ತಾನೆ. ತಪ್ಪೊಪ್ಪಿಗೆ ಸ್ವೀಕಾರವಾಯಿತು, ಆದರೆ ಮಾಡಿದ್ದರ ಫಲ ಅಲ್ಲಿಯೇ ಇತ್ತು. ಬುದ್ಧನಲ್ಲಿ ಕೋಪವಿಲ್ಲ. ಸಮಾಧಾನಕ್ಕಾಗಿ ಸುಳ್ಳು ಹೇಳುವುದೂ ಇಲ್ಲ. ಕ್ಷಮಿಸುವುದು ಎಂದರೆ ಏನೂ ಆಗಿಲ್ಲ ಎಂದು ನಟಿಸುವುದು ಎಂದುಕೊಂಡವರು ಈ ಪ್ರಸಂಗವನ್ನು ಓದಬೇಕು.

ನಮ್ಮ ಮನೆಯದೇ ಒಂದು ವಿಷಯ ನಿನಗೆ ಹೇಳುತ್ತೇನೆ. ನನ್ನ ದೊಡ್ಡಮ್ಮನನ್ನು ನೀನು ಚಿಕ್ಕವಳಿದ್ದಾಗ ನೋಡಿದ್ದೀಯೆ, ನೆನಪಿರಲಾರದು. ಗಂಡ ತೀರಿಕೊಂಡ ಹೊಸತರಲ್ಲಿ ಅವರ ತಮ್ಮ ಸಾಲದ ಕಾಗದವೆಂದು ಹೇಳಿ ಸಹಿ ಹಾಕಿಸಿಕೊಂಡು ತವರಿನ ಆಸ್ತಿಯಲ್ಲಿ ಅವರಿಗಿದ್ದ ಪಾಲನ್ನು ತನ್ನ ಹೆಸರಿಗೆ ಮಾಡಿಕೊಂಡಿದ್ದ. ವರ್ಷಗಳು ಕಳೆದ ಮೇಲೆ ಅವನಿಗೆ ದೈವಭಕ್ತಿ ಹೆಚ್ಚಾಯಿತು. ತೀರ್ಥಯಾತ್ರೆ ಮುಗಿಸಿ ಬಂದು ಎಲ್ಲ ಬಂಧುಗಳ ಮನೆಗೆ ಪ್ರಸಾದ ಹಂಚುತ್ತಾ ಇವರ ಬಾಗಿಲಿಗೂ ಬಂದ. ದೊಡ್ಡಮ್ಮ ಎರಡೂ ಕೈ ಚಾಚಿ ಪ್ರಸಾದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ಇದು ದೇವರದು, ತೆಗೆದುಕೊಂಡಿದ್ದೇನೆ. ನಿನ್ನ ವಿಷಯ ಬೇರೆ" ಎಂದು ಹೇಳಿ ಒಳಗೆ ಹೋದರು. ನಾನು ಅಲ್ಲಿಯೇ ಇದ್ದೆ. ಧ್ವನಿ ಏರಲಿಲ್ಲ, ಶಾಪವಿಲ್ಲ. ಅವನು ಹೊಸ್ತಿಲ ಹೊರಗೆ ಸ್ವಲ್ಪ ಹೊತ್ತು ನಿಂತು ಹೊರಟುಹೋದ.

ಮತ್ತೆ ಬಂದಾಗ ಅವನ ಕೈಯಲ್ಲಿ ಪ್ರಸಾದವಿರಲಿಲ್ಲ. ಪಾಲನ್ನು ಮತ್ತೆ ಅವರ ಹೆಸರಿಗೆ ನೋಂದಣಿ ಮಾಡಿಸಿದ ಪತ್ರಗಳಿದ್ದವು, ಜೊತೆಯಲ್ಲಿ ಅವನ ಇಬ್ಬರು ಗಂಡು ಮಕ್ಕಳಿದ್ದರು. "ಅಕ್ಕಾ, ಸಾಲದ ಕಾಗದ ಎಂದು ಹೇಳಿ ನಿನ್ನಿಂದ ಸಹಿ ಹಾಕಿಸಿದೆ. ಅದು ಸುಳ್ಳು ಎಂದು ನನಗೆ ಆವತ್ತೇ ಗೊತ್ತಿತ್ತು" ಎಂದ. ದೊಡ್ಡಮ್ಮ ಪತ್ರಗಳ ಕಡೆ ನೋಡಲಿಲ್ಲ. "ಮಕ್ಕಳಿಗೆ ಕೇಳಿಸಿತೇ?" ಎಂದು ಕೇಳಿದರು. ಅವನು ಮಕ್ಕಳ ಕಡೆ ತಿರುಗಿ ಇನ್ನೊಮ್ಮೆ ಹೇಳಿದ. ಆಗ, ಒಳಗೆ ಬಾ ಎಂದರು. ಆಮೇಲೆ ಎಂದೋ ನಾನು ಈ ಬಗ್ಗೆ ಕೇಳಿದಾಗ ಅವರು ಕೊಟ್ಟ ಉತ್ತರ ಹೀಗಿತ್ತು: "ಅವನ ಮೇಲಿನ ಸಿಟ್ಟನ್ನು ನಾನು ಎಂದೋ ದೇವರ ಮನೆಯಲ್ಲಿ ಬಿಟ್ಟಿದ್ದೆ, ಇಲ್ಲದಿದ್ದರೆ ನನಗೆ ನಿದ್ರೆಯೇ ಬರುತ್ತಿರಲಿಲ್ಲ. ಅದು ನನ್ನ ಕೈಯಲ್ಲಿತ್ತು. ಅವನನ್ನು ಒಳಗೆ ಕರೆಯುವುದು ನನ್ನ ಕೈಯಲ್ಲಿರಲಿಲ್ಲ, ಅವನೇ ಬರಬೇಕಾಗಿತ್ತು."

ಓದಿದ ಗ್ರಂಥಗಳಿಂದ ನನಗೆ ಅರ್ಥವಾದದ್ದನ್ನೆಲ್ಲ ಸೇರಿಸಿದರೂ ದೊಡ್ಡಮ್ಮನ ಈ ಮಾತಿಗಿಂತ ಹೆಚ್ಚಿನದು ನನ್ನ ಬಳಿ ಇಲ್ಲ. ಮನಸ್ಸಿನಲ್ಲಿರುವ ದ್ವೇಷವನ್ನು ಬಿಡುವುದಕ್ಕೆ ಯಾರ ಪಶ್ಚಾತ್ತಾಪವೂ ಬೇಕಾಗಿಲ್ಲ. 2006ರ ಅಕ್ಟೋಬರ್ 2ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಒಬ್ಬ ಬಂದೂಕು ಹಿಡಿದು ಆಮಿಷ್ ಎಂಬ ಕ್ರೈಸ್ತ ಸಮುದಾಯದ ಪುಟ್ಟ ಶಾಲೆಗೆ ನುಗ್ಗಿದ. 5 ಹೆಣ್ಣುಮಕ್ಕಳು ಸತ್ತರು, ಅವನೂ ಗುಂಡು ಹಾರಿಸಿಕೊಂಡು ಸತ್ತ. ಪಶ್ಚಾತ್ತಾಪಪಡಲು ಯಾರೂ ಉಳಿದಿರಲಿಲ್ಲ. ಅದೇ ದಿನ ಆ ಸಮುದಾಯದವರು ಅವನ ಮನೆಯವರನ್ನು ಕಂಡು ನಿಮ್ಮ ಮೇಲೆ ನಮಗೆ ದ್ವೇಷವಿಲ್ಲ ಎಂದರು, ಅವನ ಅಂತ್ಯಸಂಸ್ಕಾರಕ್ಕೂ ಹೋದರು. ಜೈನರು ಪ್ರತಿಕ್ರಮಣದಲ್ಲಿ, ಅಂದರೆ ತಪ್ಪುಗಳಿಗೆ ಪಶ್ಚಾತ್ತಾಪಪಡುವ ವಿಧಿಯಲ್ಲಿ, 'ಎಲ್ಲ ಜೀವಿಗಳನ್ನೂ ನಾನು ಕ್ಷಮಿಸುತ್ತೇನೆ, ಎಲ್ಲ ಜೀವಿಗಳೂ ನನ್ನನ್ನು ಕ್ಷಮಿಸಲಿ, ಯಾರೊಡನೆಯೂ ನನಗೆ ವೈರವಿಲ್ಲ' ಎನ್ನುವಾಗ ಎದುರಿನವರು ಏನು ಮಾಡಿದ್ದಾರೆ ಎಂದು ಕೇಳುವುದಿಲ್ಲ. ಇಂಥ ಕ್ಷಮೆ ದೊಡ್ಡದು. ಅದನ್ನು ಕೊಡುವವರು ತಾವಾಗಿ ಕೊಡುವುದರಿಂದಲೇ ದೊಡ್ಡದು. ಪಕ್ಕದಲ್ಲಿ ನಿಂತು 'ಕೊಡು, ಕೊಡು' ಎನ್ನುವವರಿಗೆ ಅದರಲ್ಲಿ ಯಾವ ಪಾಲೂ ಇಲ್ಲ.

ಮುರಿದ ಸ್ನೇಹ ಮತ್ತೆ ಕೂಡುವುದು ಬೇರೆ ವಿಷಯ, ಅದಕ್ಕೆ ಇಬ್ಬರೂ ಬೇಕು. ನಂಬಿಕೆಯಂತೂ ಇನ್ನೂ ನಿಧಾನವಾಗಿ ಹಿಂದಿರುಗುತ್ತದೆ. 12ನೇ ಶತಮಾನದ ಯಹೂದಿ ವಿದ್ವಾಂಸ ಮೈಮೊನಿಡೀಸ್ ಪೂರ್ಣ ಪಶ್ಚಾತ್ತಾಪಕ್ಕೆ ಇಟ್ಟ ಪರೀಕ್ಷೆ ಇದು: ಅದೇ ತಪ್ಪನ್ನು ಮಾಡುವ ಅವಕಾಶ ಮತ್ತೆ ಬಂದು, ಮಾಡುವ ಶಕ್ತಿಯೂ ಇದ್ದು, ಭಯದಿಂದಲ್ಲದೆ ಪಶ್ಚಾತ್ತಾಪದಿಂದಲೇ ಮಾಡದೆ ಇರುವುದು. ಅಂಥ ಪರೀಕ್ಷೆಗೆ ಕಾಲ ಬೇಕು.

ನಿನ್ನ ಸ್ನೇಹಿತರೊಬ್ಬರು 'ಕ್ಷಮಿಸದವರನ್ನು ದೇವರೂ ಕ್ಷಮಿಸುವುದಿಲ್ಲ' ಎಂದು ಹೆದರಿಸಿದ್ದಾರೆ ಎಂದು ಬರೆದಿದ್ದೀಯೆ. ಆ ಮಾತು ಬೈಬಲಿನಲ್ಲಿ ಇದೆ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಎಪ್ಪತ್ತೇಳರಷ್ಟು ಸಲ ಕ್ಷಮಿಸು ಎಂಬ ಮಾತೂ ಇದೆ, ಮತ್ತಾಯನ 18ನೇ ಅಧ್ಯಾಯದಲ್ಲಿ. ಅದರ ಬೆನ್ನಿಗೇ ಬರುವುದು ನಿರ್ದಯಿ ಸೇವಕನ ಕಥೆ. ಅರಸನಿಗೆ 10,000 ತಲಾಂತು ಕೊಡಬೇಕಾದವನ ಸಾಲ ಮನ್ನಾ ಆಗುತ್ತದೆ. ಒಂದು ತಲಾಂತು ಎಂದರೆ ಸುಮಾರು 6,000 ದಿನಗಳ ಕೂಲಿ. ಆತ ಹೊರಗೆ ಬಂದು ತನಗೆ 100 ದಿನಗಳ ಕೂಲಿಯಷ್ಟು ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ, ಸೆರೆಮನೆಗೆ ಹಾಕಿಸುತ್ತಾನೆ. ಅರಸನ ಕೋಪ ಬಂದದ್ದು ಅದಕ್ಕೆ. ಆದರೆ ಆ ಜೊತೆಗಾರ ಏನು ಹೇಳಿದ್ದ? ಕಾಲಿಗೆ ಬಿದ್ದು, ತಾಳಿಕೋ, ಕೊಟ್ಟು ತೀರಿಸುತ್ತೇನೆ ಎಂದಿದ್ದ. ಸಾಲವೇ ಇಲ್ಲ, ಅರಸ ನನ್ನನ್ನು ಮನ್ನಿಸಿದ್ದಾನೆ, ನೀನೂ ಮರೆತುಬಿಡು ಎಂದಿರಲಿಲ್ಲ. ಇನ್ನೂ ಒಂದು ವಿಷಯ. ಇವೆಲ್ಲಕ್ಕಿಂತ ಮೊದಲು ಅದೇ ಅಧ್ಯಾಯದಲ್ಲಿ, ನಿನ್ನ ಸಹೋದರ ತಪ್ಪು ಮಾಡಿದರೆ ಅವನೊಬ್ಬನೇ ಇರುವಾಗ ಹೋಗಿ ತಪ್ಪನ್ನು ತಿಳಿಸು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು ಎಂಬ ಮಾತಿದೆ. ತಪ್ಪನ್ನು ತಪ್ಪು ಎಂದು ಎದುರಿಗೆ ಹೇಳುವುದು ಕ್ಷಮೆಗೆ ವಿರುದ್ಧವಾದದ್ದಲ್ಲ. ಅದು ಕ್ಷಮೆಯ ದಾರಿಯಲ್ಲೇ ಇರುವ ಹೆಜ್ಜೆ.

ಇಷ್ಟೆಲ್ಲ ನಿನ್ನ ಪರವಾಗಿ ಹೇಳಿದ ಮೇಲೆ ನಿನಗೆ ಕಹಿಯಾಗಬಹುದಾದ ಮಾತನ್ನೂ ಹೇಳಬೇಕು. ಒಂದು ವೇಳೆ ಅವಳು ನಿಜವಾಗಿಯೇ ಬಂದರೆ?

ಅದೇ ಮೈಮೊನಿಡೀಸ್, ತಪ್ಪು ಮಾಡಿದವನು ಸಾಕ್ಷಿಗಳೊಂದಿಗೆ ಮೂರು ಸಲ ಬಂದು ಬೇಡಿಕೊಂಡರೂ ಕ್ಷಮಿಸದಿದ್ದರೆ, ಆಗ ಪಾಪಿ ಕ್ಷಮಿಸದವನೇ ಎನ್ನುತ್ತಾರೆ. ನೊಂದವರಿಗೆ ಹಕ್ಕಿದೆ, ಆ ಹಕ್ಕನ್ನು ಕ್ರೌರ್ಯಕ್ಕೆ ಬಳಸುವಂತಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನ ಕೊನೆಯನ್ನು ನೋಡು. ಅವನು ಮರುಗಿದ. 30 ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ತಂದ. ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ. ಮರುಕ, ತಪ್ಪೊಪ್ಪಿಗೆ, ಹಣ ಹಿಂದಿರುಗಿಸುವುದು, ಮೂರೂ ಆದವು. ಆದರೆ ಅವನು ಹೋದದ್ದು ಮುಖ್ಯ ಯಾಜಕರ ಬಳಿಗೆ. ಪಾಪದ ಭಾರ ಹೊತ್ತು ಬಂದವನ ಮಾತನ್ನು ಕೇಳುವುದೇ ಯಾರ ಕೆಲಸವೋ ಅವರು, ಅದು ನಮಗೇನು, ನೀನೇ ನೋಡಿಕೋ ಎಂದರು. ಅವನು ನಾಣ್ಯಗಳನ್ನು ದೇವಾಲಯದಲ್ಲಿ ಎಸೆದು ಹೋಗಿ ನೇಣು ಹಾಕಿಕೊಂಡ. ಯೂದ ಹಿಡಿದುಕೊಟ್ಟ ಆ ರಾತ್ರಿಯೇ ಯೇಸುವನ್ನು ಅರಿಯೆ ಎಂದು ಮೂರು ಸಲ ಸುಳ್ಳು ಹೇಳಿದ ಪೇತ್ರನೂ ಅತ್ತ, ಆದರೆ ಉಳಿದ ಶಿಷ್ಯರ ಜೊತೆಯಲ್ಲೇ ಉಳಿದ, ಮುಂದೆ ಅವರಿಗೆಲ್ಲ ಆಧಾರವಾದ. ಯೂದ ಆ ನಾಣ್ಯಗಳನ್ನು ಹಿಡಿದು ಬೇರೆ ಯಾರ ಬಳಿಗಾದರೂ ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಇಸ್ಲಾಮಿನ ಒಂದು ಹದೀಸ್‌ನಲ್ಲಿ ಹೀಗೆಯೇ ಮುಚ್ಚಿದ ಬಾಗಿಲೂ ಇದೆ, ತೆರೆದ ಬಾಗಿಲೂ ಇದೆ. 99 ಜನರನ್ನು ಕೊಂದವನೊಬ್ಬ ತನಗೆ ಪಶ್ಚಾತ್ತಾಪ ಉಂಟೇ ಎಂದು ಸನ್ಯಾಸಿಯೊಬ್ಬನನ್ನು ಕೇಳುತ್ತಾನೆ. ಇಲ್ಲ ಎನ್ನುತ್ತಾನೆ ಸನ್ಯಾಸಿ. ಅವನನ್ನೂ ಕೊಂದು 100 ಮಾಡುತ್ತಾನೆ. ಆಮೇಲೆ ಒಬ್ಬ ಜ್ಞಾನಿಯನ್ನು ಕೇಳಿದಾಗ, ನಿನಗೂ ಪಶ್ಚಾತ್ತಾಪಕ್ಕೂ ಅಡ್ಡ ಬರುವವರು ಯಾರು ಎನ್ನುತ್ತಾನೆ ಆತ. ಅಷ್ಟಕ್ಕೇ ಬಿಡುವುದಿಲ್ಲ, ನಿನ್ನ ಊರು ಕೆಟ್ಟದ್ದು, ಅದನ್ನು ಬಿಡು, ಇಂಥ ಕಡೆ ದೇವರನ್ನು ಆರಾಧಿಸುವ ಜನರಿದ್ದಾರೆ, ಅಲ್ಲಿಗೆ ಹೋಗು ಎಂದು ದಾರಿಯನ್ನೂ ತೋರಿಸುತ್ತಾನೆ. ಅವನು ಹೊರಟು ನಡುದಾರಿಯಲ್ಲೇ ಸಾಯುತ್ತಾನೆ. ಕರುಣೆಯ ದೇವದೂತರೂ ಶಿಕ್ಷೆಯ ದೇವದೂತರೂ ಅವನಿಗಾಗಿ ಜಗಳವಾಡುತ್ತಾರೆ. ಎರಡೂ ಊರುಗಳ ದೂರವನ್ನು ಅಳೆದಾಗ ಹೋಗಬೇಕಾಗಿದ್ದ ಊರಿಗೆ ಅವನು ಒಂದು ಗೇಣು ಹತ್ತಿರವಿದ್ದ. ಕರುಣೆಯ ದೂತರು ಅವನನ್ನು ಕರೆದೊಯ್ದರು. ಆ ಗೇಣು ನನಗೆ ಬಹಳ ಮುಖ್ಯ. ಅವನು ತಲುಪಿರಲಿಲ್ಲ. ಆದರೆ ನಿಂತಲ್ಲೇ ನಿಂತು ಮನಸ್ಸು ಹಗುರವಾಯಿತು ಎಂದಿರಲೂ ಇಲ್ಲ. ಹೊರಟಿದ್ದ.

ಅಷ್ಟನ್ನೇ ನೀನು ಅವಳಲ್ಲಿ ನೋಡಬೇಕಾದದ್ದು, ಹೊರಟಿದ್ದಾಳೆಯೇ ಎಂದು. ಪೂರ್ತಿ ಬದಲಾಗಿದ್ದಾಳೆಯೇ ಎಂದು ಅಲ್ಲ. ಅವಳು ಹೋಗಬೇಕಾದ ದೂರವೂ ಬಹಳವಲ್ಲ. ಯಾರ ಮುಂದೆ ನಿನ್ನ ಬಗ್ಗೆ ಸುಳ್ಳು ಹೇಳಿದಳೋ ಅವರ ಮುಂದೆ ಹೋಗಿ ಅದು ಸುಳ್ಳು ಎಂದು ಹೇಳುವುದು. ಪರನಿಂದೆಯ ಪಶ್ಚಾತ್ತಾಪದ ಬಗ್ಗೆ ಬರೆದ ಇಸ್ಲಾಮಿನ ವಿದ್ವಾಂಸರಲ್ಲಿ ಕೆಲವರು ಇಂಥದ್ದೇ ಮಾತು ಹೇಳಿದ್ದಾರೆ, ಯಾವ ಸಭೆಯಲ್ಲಿ ನಿಂದಿಸಿದೆಯೋ ಅದೇ ಸಭೆಯಲ್ಲಿ ಅವರ ಒಳ್ಳೆಯದನ್ನು ಹೇಳು ಎಂದು.

ಅವಳಿಗೆ ಏನು ಉತ್ತರ ಬರೆಯಲಿ ಎಂದು ಕೇಳಿದ್ದೀಯೆ. ಅವಳ ಸಂದೇಶಕ್ಕೆ 'ಪರವಾಗಿಲ್ಲ' ಎಂದು ಬರೆಯಬೇಡ, ಏಕೆಂದರೆ ಆದದ್ದು ಸಣ್ಣ ವಿಷಯವಲ್ಲ. ಬೈಗುಳವನ್ನೂ ಬರೆಯಬೇಡ. ಎಲ್ಲರೂ ಇರುವ ಕಡೆಯಲ್ಲಿ ಅಲ್ಲದೆ ಅವಳೊಬ್ಬಳಿಗೇ, ಸಾಧ್ಯವಾದರೆ ಎದುರಿಗೆ ಕುಳಿತು, ಇಷ್ಟು ಹೇಳು: "ನೀನು ನನ್ನ ಬಗ್ಗೆ ಇಂಥ ದಿನ ಇಂಥವರ ಮುಂದೆ ಇಂಥ ಮಾತು ಹೇಳಿದೆ. ಅದು ಸುಳ್ಳು. ಅದರಿಂದ ನನಗೆ ಇಂಥ ನಷ್ಟವಾಯಿತು. ನೀನು ಅವರ ಬಳಿ ಹೋಗಿ ಸರಿಪಡಿಸಬೇಕು. ನಿನ್ನ ಮೇಲೆ ಸೇಡು ತೀರಿಸಿಕೊಳ್ಳುವ ಆಸೆ ನನಗಿಲ್ಲ." ಕೊನೆಯ ವಾಕ್ಯವನ್ನು ಅದು ನಿಜವಾದಾಗ ಮಾತ್ರ ಹೇಳು. ಇನ್ನೂ ನಿಜವಾಗಿಲ್ಲದಿದ್ದರೆ ಬಿಟ್ಟುಬಿಡು, ದೇವರ ಮುಂದೆ ಕುಳಿತಾಗ ಅದಕ್ಕಾಗಿ ಬೇಡಿಕೋ. ನಾನೂ ಬೇಡಿಕೊಳ್ಳುತ್ತೇನೆ, ನಿನಗಾಗಿಯೂ ಅವಳಿಗಾಗಿಯೂ.

ಅವಳು ಹೋಗಿ ಹೇಳಿದರೆ ನನಗೆ ತಿಳಿಸು. ಹೇಳದಿದ್ದರೂ ಬರೆಯುತ್ತಿರು. ಕ್ಷಮಿಸಲು ಆಗುತ್ತಿಲ್ಲ ಎಂಬುದನ್ನು ನಮ್ಮಿಂದ ಮುಚ್ಚಿಡಬೇಕಾಗಿಲ್ಲ, ಅದನ್ನು ಬರೆದರೆ ನಾನಾಗಲಿ ಅಮ್ಮನಾಗಲಿ ನಿನ್ನನ್ನು ಕಡಿಮೆಯಾಗಿ ಕಾಣುವುದಿಲ್ಲ.

ಇತಿ,
ನಿನ್ನ ಪ್ರೀತಿಯ ಅಪ್ಪ